ಉಪ್ಪು, ಸಕ್ಕರೆ, ಗಂಜಿಯ ತಿಳಿ

ಹುಬ್ಬಳ್ಳಿಯ ಕಡೆಯಿಂದ ಹೊರಟು, ಯಲ್ಲಾಪುರದ ಕಾಡನ್ನು ದಾಟಿ, ಅರಬೈಲು ಘಟ್ಟದ ತಿರುವುಗಳನ್ನು ಒಂದೊಂದಾಗಿ ಇಳಿದು ಅಂಕೋಲೆಯನ್ನು ಸೇರುವ ಪ್ರವಾಸಿಗೆ, ಅಲ್ಲಿಂದ ಕಾರವಾರದವರೆಗೆ ಹಬ್ಬಿದ ತೀರದಲ್ಲಿ ಕಣ್ಣು ತಣಿಯುವಷ್ಟು ನೋಡುವುದಕ್ಕೆ ಉಂಟು. ನದಿಭಾಗದ ಮರಳು, ಬೇಲೇಕೇರಿಯ ಕೊಲ್ಲಿ, ಕಾಳೀ ನದಿಯು ಸಮುದ್ರವನ್ನು ಕೂಡುವ ಅಳಿವೆ, ಅದರ ಆಚೆಯ ದಡದಲ್ಲಿ ಸದಾಶಿವಗಡ, ನೀರಿನ ನಡುವೆ ಕೂರ್ಮಗಡ. 1883ರಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಕೆಲಕಾಲ ತಂಗಿದ್ದ ತರುಣ ರವೀಂದ್ರನಾಥ ಠಾಕೂರರ ಮನಸ್ಸನ್ನು ಸೆಳೆದ ಆ ಸೌಂದರ್ಯವು, 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡ ಮೇಲೆ ಮುಂಬಯಿಯವರಿಗೆ ಒಂದು ರಾತ್ರಿಯ, ಮಂಗಳೂರಿನವರಿಗೆ ಅದಕ್ಕಿಂತಲೂ ಕಡಿಮೆ ಹೊತ್ತಿನ ಪ್ರಯಾಣದಷ್ಟು ಹತ್ತಿರವಾಗಿದೆ. ಬಂದವರು ಸಮುದ್ರದಲ್ಲಿ ಮೀಯುತ್ತಾರೆ, ಮೀನೂಟ ಮಾಡುತ್ತಾರೆ, ದಾರಿಬದಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾರೆ. ಎರಡನೆಯ ದಿನವೋ ಮೂರನೆಯ ದಿನವೋ ಅವರಲ್ಲಿ ಕೆಲವರಿಗೆ ನಡುರಾತ್ರಿಯಲ್ಲಿ ಹೊಟ್ಟೆ ನುಲಿದು, ಬೆಳಗಾಗುವುದರೊಳಗೆ ನಾಲ್ಕಾರು ಸಲ ನೀರಿನಂತೆ ಭೇದಿಯಾಗಿ, ಕೈಕಾಲು ಸೋತುಹೋಗುತ್ತದೆ. ಆಗ ಜೊತೆಯಲ್ಲಿದ್ದವರು ಸಮೀಪದ ಔಷಧದ ಅಂಗಡಿಗೆ ಓಡಿ, “ಭೇದಿ ನಿಲ್ಲುವ ಮಾತ್ರೆ ಕೊಡಿ” ಎಂದು ಕೇಳಿ, ವೈದ್ಯರ ಚೀಟಿಯಿಲ್ಲದೆಯೇ ಒಂದು ಆಂಟಿಬಯಾಟಿಕ್ ಮಾತ್ರೆಯನ್ನು ತರುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆಯು ಬಹುಮಟ್ಟಿಗೆ ಅನಾವಶ್ಯಕವಾದುದು, ಅನೇಕ ವೇಳೆ ಹಾನಿಕರವಾದುದು. ಅಂಥ ರೋಗಿಗೆ ಆ ಹೊತ್ತಿನಲ್ಲಿ ನಿಜವಾಗಿ ಬೇಕಾದುದು ಬೇರೆಯೇ ಇದ್ದು, ಅದು ಈ ಕರಾವಳಿಯ ಪ್ರತಿಯೊಂದು ಅಡಿಗೆಮನೆಯಲ್ಲಿಯೂ ಇದೆ ಎಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನ.

ದಿನವೊಂದರಲ್ಲಿ ಮೂರು ಅಥವಾ ಹೆಚ್ಚು ಸಲ ತೆಳ್ಳಗೆ ಮಲವಿಸರ್ಜನೆಯಾಗಿ, ಅದರೊಡನೆ ಹೊಟ್ಟೆನೋವೋ ವಾಂತಿಯೋ ಓಕರಿಕೆಯೋ ಇದ್ದರೆ ವೈದ್ಯರು ಅದನ್ನು ಪ್ರವಾಸಿಗಳ ಅತಿಸಾರವೆಂದು ಕರೆಯುತ್ತಾರೆ. ಹೊರದೇಶಗಳಿಂದ ಉಷ್ಣವಲಯದ ನಾಡುಗಳಿಗೆ ಬರುವವರಲ್ಲಿ, ಹೋದ ಸ್ಥಳವನ್ನೂ ಋತುವನ್ನೂ ಅನುಸರಿಸಿ, ಎರಡು ವಾರಗಳೊಳಗೆ ನೂರಕ್ಕೆ 30ರಿಂದ 70 ಮಂದಿ ಇದರಿಂದ ನರಳುತ್ತಾರೆಂದು ಎಣಿಕೆಯುಂಟು. ಗೋಕರ್ಣದ ಓಂ ಕಡಲತೀರಕ್ಕೆ ಬಂದಿಳಿಯುವ ಯುರೋಪಿನವರಿಗೆ ಮಾತ್ರ ಬರುವ ಕಾಯಿಲೆ ಇದೆಂದು ಭಾವಿಸಬೇಕಾಗಿಲ್ಲ; ಧಾರವಾಡದಿಂದ ಬಂದ ಕುಟುಂಬಕ್ಕೂ, ಅಂಕೋಲೆಯ ಬಂಡಿಹಬ್ಬಕ್ಕೆಂದು ಊರಿಗೆ ಮರಳಿದ ಮುಂಬಯಿಯ ಬಂಧುಗಳಿಗೂ, ತಮ್ಮ ಕರುಳಿಗೆ ಪರಿಚಯವಿಲ್ಲದ ಸೂಕ್ಷ್ಮಜೀವಿಗಳು ಹೊಸ ನೀರಿನ ಮೂಲಕ ಹೊಟ್ಟೆಯನ್ನು ಸೇರಿದಾಗ ಇದೇ ಅವಸ್ಥೆ. ಕಾರಣವಾಗುವ ಜೀವಿಗಳಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ವಿಷೋತ್ಪಾದಕ ಜಾತಿಗಳೇ ಅಗ್ರಗಣ್ಯವಾದುವು; ನೋರೋವೈರಸ್ಸಿನಂಥ ವೈರಸ್ಸುಗಳು, ಕ್ಯಾಂಪಿಲೋಬ್ಯಾಕ್ಟರ್, ಶಿಗೆಲ್ಲಾ, ಸಾಲ್ಮೊನೆಲ್ಲಾಗಳು, ಹೆಚ್ಚು ದಿನ ಪೀಡಿಸುವ ಜಿಯಾರ್ಡಿಯಾ ಎಂಬ ಏಕಕೋಶಜೀವಿ, ಇವು ಉಳಿದವು. ವೈರಸ್ಸಿನಿಂದ ಬಂದ ಭೇದಿಗೆ ಆಂಟಿಬಯಾಟಿಕ್ ಏನನ್ನೂ ಮಾಡಲಾರದು. ಬ್ಯಾಕ್ಟೀರಿಯಾದಿಂದ ಬಂದದ್ದಾದರೂ ಆರೋಗ್ಯವಂತರಾದ ಪ್ರೌಢರಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ತನಗೆ ತಾನೇ ಶಮನವಾಗುತ್ತದೆ.

ಹಾಗಾದರೆ ಮನುಷ್ಯನನ್ನು ಕೆಡಹುವುದು ಯಾವುದು? ರೋಗಾಣುವಲ್ಲ, ನೀರಿನ ನಷ್ಟ. ಇದನ್ನು ಸ್ಪಷ್ಟವಾಗಿ ತಿಳಿಯುವುದಕ್ಕೆ ಮಾನವಕುಲಕ್ಕೆ ಬಹುಕಾಲ ಬೇಕಾಯಿತು. ತಿಳಿಸಿಕೊಟ್ಟವರಲ್ಲಿ ನಮ್ಮ ದೇಶದವರ ಪಾಲು ದೊಡ್ಡದು. ನಾವು ಕುಡಿದ ನೀರು, ಉಂಡ ಆಹಾರದ ರಸ, ಬಾಯಿ ಜಠರ ಪಿತ್ತಕೋಶಗಳಿಂದ ಸ್ರವಿಸಿದ ದ್ರವ, ಎಲ್ಲವೂ ಸೇರಿ ದಿನಕ್ಕೆ ಎಂಟೊಂಬತ್ತು ಲೀಟರಿನಷ್ಟು ನಮ್ಮ ಕರುಳಿನ ಮೂಲಕ ಹಾದುಹೋಗುತ್ತದೆ. ಸ್ವಸ್ಥ ಕರುಳು ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೀರಿಕೊಂಡು, ಒಂದಿನ್ನೂರು ಮಿಲಿಲೀಟರನ್ನಷ್ಟೇ ಹೊರಗೆ ಬಿಡುತ್ತದೆ. ಕಲ್ಕತ್ತೆಯ ಶಂಭುನಾಥ ದೇ ಅವರು ಮೊಲದ ಕರುಳಿನ ಮೇಲೆ ಪ್ರಯೋಗಗಳನ್ನು ನಡೆಸಿ, ಕಾಲರಾ ರೋಗಾಣುವು ತಾನು ಸ್ರವಿಸುವ ವಿಷದಿಂದಲೇ ಕರುಳಿನ ಭಿತ್ತಿಯಿಂದ ನೀರನ್ನು ಹೊರಚೆಲ್ಲಿಸುತ್ತದೆಂದು 1959ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೂರು ವರ್ಷ ಮುಂಚೆಯೇ, ಭೇದಿಯ ರೋಗಿಗಳಿಂದ ಪಡೆದ ಇ. ಕೋಲಿಯಲ್ಲಿಯೂ ಇಂಥ ಗುಣವಿರುವುದನ್ನು ಅವರು ಅದೇ ವಿಧಾನದಿಂದ ಕಂಡಿದ್ದರು. ಈ ವಿಷವು ಕರುಳಿನ ಜೀವಕೋಶಗಳನ್ನು ಕೊಲ್ಲುವುದಿಲ್ಲ. ಉಪ್ಪನ್ನು ಹೊರಕ್ಕೆ ತಳ್ಳುವಂತೆ ಅವುಗಳಿಗೆ ಪ್ರೇರಣೆ ಕೊಡುತ್ತದೆ, ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ.

ಇಲ್ಲಿಯೇ ಪ್ರಕೃತಿಯು ನಮಗಾಗಿ ಒಂದು ಉಪಾಯವನ್ನು ಉಳಿಸಿರುವುದು. ಕರುಳಿನ ಭಿತ್ತಿಯಲ್ಲಿ ಸೋಡಿಯಂ ಮತ್ತು ಗ್ಲೂಕೋಸುಗಳು ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಒಂದು ಬಾಗಿಲುಂಟು. ಉಪ್ಪೊಂದೇ ಬಂದು ತಟ್ಟಿದರೆ ಅದು ತೆರೆಯದು, ಸಕ್ಕರೆಯೊಂದೇ ಬಂದು ತಟ್ಟಿದರೂ ತೆರೆಯದು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಣೆಯ ತತ್ತ್ವವನ್ನು ಪ್ರತಿಪಾದಿಸಿದರು. ಭೇದಿಯ ವಿಷವು ಉಳಿದ ವ್ಯವಸ್ಥೆಯನ್ನೆಲ್ಲ ಕೆಡಿಸಿದಾಗಲೂ ಈ ಮಾರ್ಗ ಮಾತ್ರ ಮೊದಲಿನಂತೆಯೇ ನಡೆಯುತ್ತಿರುತ್ತದೆ. ಆದುದರಿಂದ ತಕ್ಕ ಪ್ರಮಾಣದಲ್ಲಿ ಉಪ್ಪನ್ನೂ ಸಕ್ಕರೆಯನ್ನೂ ಕೂಡಿಸಿದ ನೀರನ್ನು ಕುಡಿಸಿದರೆ, ಭೇದಿ ನಡೆಯುತ್ತಿರುವಾಗಲೇ ಆ ನೀರು ರಕ್ತವನ್ನು ಸೇರುತ್ತದೆ. “ನೀರು ಕುಡಿಸಬೇಡಿ, ಕುಡಿದಷ್ಟೂ ಹೋಗುತ್ತದೆ” ಎಂದು ಹೇಳುವ ಹಿರಿಯರು ಈಗಲೂ ಇದ್ದಾರೆ. ಅವರ ಕಳಕಳಿ ಪ್ರಾಮಾಣಿಕವಾದುದೇ ಆದರೂ ಆ ಮಾತು ಅನೇಕ ಮಕ್ಕಳ ಪ್ರಾಣಕ್ಕೆ ಎರವಾಗಿದೆ.

1971ರಲ್ಲಿ ಪೂರ್ವಬಂಗಾಳದ ಯುದ್ಧದಿಂದ ತತ್ತರಿಸಿ ಲಕ್ಷಾಂತರ ಜನ ಗಡಿ ದಾಟಿ ಬಂದಾಗ, ಬಂಗಾಂವಿನ ನಿರಾಶ್ರಿತ ಶಿಬಿರದಲ್ಲಿ ಕಾಲರಾ ಹರಡಿತು. ಚಿಕಿತ್ಸೆಗೆ ನಿಂತ ವೈದ್ಯ ದಿಲೀಪ ಮಹಲನಬೀಸರ ಬಳಿ, ರಕ್ತನಾಳಕ್ಕೆ ಏರಿಸುವ ಸಲೈನು ಸಾಲದೆ ಹೋಗಿ, ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿದ್ದರು. ಅವರು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಎಂಬ ಲೆಕ್ಕದಲ್ಲಿ ಪುಡಿಯನ್ನು ಕೂಡಿಸಿ, ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ತುಂಬಿಸಿ, ಅದನ್ನು ನೀರಿನಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಯಲ್ಲಿಯೇ ಲೋಟವನ್ನು ಕೊಟ್ಟು ಕುಡಿಸಹಚ್ಚಿದರು. ನೂರಕ್ಕೆ 30ರಷ್ಟಿದ್ದ ಸಾವು, ಅವರ ಶಿಬಿರದಲ್ಲಿ ನೂರಕ್ಕೆ 4ಕ್ಕಿಂತಲೂ ಕೆಳಗಿಳಿಯಿತು. ವೈದ್ಯರಲ್ಲದವರ ಕೈಗೆ ಚಿಕಿತ್ಸೆಯನ್ನು ಒಪ್ಪಿಸುವ ಧೈರ್ಯವನ್ನು ಆ ಮಹನೀಯರು ಅಂದು ತೋರದಿದ್ದರೆ, ಇಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಸಿಕ್ಕುವ ಓಆರ್‌ಎಸ್ ಪೊಟ್ಟಣ ನಮಗೆ ಇಷ್ಟು ಬೇಗ ಒದಗುತ್ತಿರಲಿಲ್ಲವೆಂದೇ ನನ್ನ ಭಾವನೆ. ಅವರು 2022ರಲ್ಲಿ ತೀರಿಕೊಂಡರು. ಮರಣಾನಂತರ, 2023ರಲ್ಲಿ, ಪದ್ಮವಿಭೂಷಣ ಪ್ರಶಸ್ತಿಯು ಅವರಿಗೆ ಸಂದಿತು.

ಈಗಿನ ಪೊಟ್ಟಣದಲ್ಲಿರುವುದು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪರಿಷ್ಕರಿಸಿದ ಮಿಶ್ರಣ: ಗ್ಲೂಕೋಸು 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡು 1.5 ಗ್ರಾಂ, ಸಿಟ್ರೇಟು 2.9 ಗ್ರಾಂ, ಒಟ್ಟು 20.5 ಗ್ರಾಂ, ಇದು ಸರಿಯಾಗಿ ಒಂದು ಲೀಟರು ನೀರಿಗೆ. ಈ ‘ಸರಿಯಾಗಿ’ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಪೊಟ್ಟಣದಿಂದ ಚಿಟಿಕೆಯಷ್ಟನ್ನು ತೆಗೆದು ಒಂದು ಲೋಟಕ್ಕೆ ಹಾಕಿ, ಉಳಿದುದನ್ನು ಮಡಿಸಿಡುವುದು ಅನೇಕರ ಅಭ್ಯಾಸ. ಹಾಗೆ ಮಾಡಿದರೆ ಒಮ್ಮೆ ಸಪ್ಪೆಯಾಗಿ ನಿಷ್ಫಲವಾಗುತ್ತದೆ, ಇನ್ನೊಮ್ಮೆ ಗಾಢವಾಗಿ ಭೇದಿಯನ್ನೇ ಹೆಚ್ಚಿಸುತ್ತದೆ. ಪ್ರವಾಸದಲ್ಲಿ ಇದಕ್ಕೆ ಸುಲಭವಾದ ದಾರಿಯೆಂದರೆ, ಮುದ್ರೆಯೊಡೆಯದ ಒಂದು ಲೀಟರಿನ ನೀರಿನ ಬಾಟಲಿಯನ್ನು ಕೊಂಡು, ಅದರಿಂದ ಒಂದು ಲೋಟ ನೀರನ್ನು ಶುಚಿಯಾದ ಪಾತ್ರೆಗೆ ಬಗ್ಗಿಸಿ, ಪುಡಿಯಷ್ಟನ್ನೂ ಬಾಟಲಿಗೆ ಸುರಿದು ಕುಲುಕಿ, ತೆಗೆದಿಟ್ಟ ನೀರನ್ನು ಮತ್ತೆ ಸೇರಿಸುವುದು. ಇನ್ನೂರು ಮಿಲಿಲೀಟರಿನ ಚಿಕ್ಕ ಪೊಟ್ಟಣಗಳೂ ಉಂಟು. ಆದುದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಬೆರೆಸತಕ್ಕದ್ದು. ಬೆರೆಸಿದುದನ್ನು ಇಪ್ಪತ್ತನಾಲ್ಕು ಗಂಟೆಗಳ ಮೇಲೆ ಇಡಬಾರದು, ಕುದಿಸಲೂಬಾರದು. ಪ್ರೌಢರು ಪ್ರತಿ ಸಲ ಭೇದಿಯಾದ ಮೇಲೆ ಒಂದೆರಡು ಲೋಟ, ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳು ಅರ್ಧದಿಂದ ಒಂದು ಲೋಟ, ಎರಡು ವರ್ಷದೊಳಗಿನವು ಕಾಲು ಲೋಟದಿಂದ ಅರ್ಧ ಲೋಟದಷ್ಟು ಕುಡಿಯಬೇಕು. ವಾಂತಿಯಾದರೆ ಹತ್ತು ನಿಮಿಷ ತಾಳಿ, ಅನಂತರ ಚಮಚ ಚಮಚವಾಗಿ ಮುಂದುವರಿಸಬೇಕು. ಮಕ್ಕಳಿಗೆ ಇದರೊಡನೆ ವೈದ್ಯರ ಸಲಹೆಯಂತೆ ಹದಿನಾಲ್ಕು ದಿನ ಸತುವಿನ ಮಾತ್ರೆಯನ್ನು ಕೊಡುವುದುಂಟು.

ಅಂಗಡಿಯಲ್ಲಿ ಸಿಕ್ಕುವ, ಹಣ್ಣಿನ ರುಚಿಯ ಸಿಹಿ ಪಾನೀಯದ ಪೆಟ್ಟಿಗೆಗಳು ಇದಕ್ಕೆ ಪರ್ಯಾಯವಲ್ಲ. ಅತಿಯಾದ ಸಕ್ಕರೆಯು ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿಯನ್ನು ಬೆಳೆಸುತ್ತದೆ. ತಂಪು ಸೋಡಾ ಪಾನೀಯಗಳದೂ ಇದೇ ದೋಷ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಒಪ್ಪದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರನ್ನು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ಬಹುದಿನಗಳಿಂದ ಆಗಬೇಕಾಗಿದ್ದ ಕೆಲಸ ಅದು.

ಪೊಟ್ಟಣ ಕೈಗೆ ಸಿಕ್ಕದಾಗ? ಮನೆಯ ಉಪ್ಪು ಸಕ್ಕರೆಗಳೇ ಆಸರೆ. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನರು ಸಮುದ್ರದ ನೀರಿನಿಂದ ಉಪ್ಪನ್ನು ತೆಗೆದು, ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ತಮ್ಮ ಊರನ್ನೇ ಕೇಂದ್ರವನ್ನಾಗಿ ಮಾಡಿದರು. ಬಡವನ ಬದುಕಿಗೆ ಉಪ್ಪು ಎಷ್ಟು ಅನಿವಾರ್ಯವೆಂಬುದನ್ನು ಆ ಊರಿಗೆ ಮತ್ತೆ ಹೇಳಬೇಕಾಗಿಲ್ಲ. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ ತುಂಬಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಇಷ್ಟೇ ಸಾಕು. ಸಾಣಿಕಟ್ಟೆಯ ಗದ್ದೆಗಳಿಂದ ಬರುವ ಹರಳುಪ್ಪು ಈ ಸೀಮೆಯ ಮನೆಗಳಲ್ಲಿ ಬಳಕೆಯಲ್ಲಿದ್ದು, ಹರಳು ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಚಮಚದ ಅಳತೆ ವ್ಯತ್ಯಾಸವಾಗುವುದರಿಂದ, ಈ ಕೆಲಸಕ್ಕೆ ಪುಡಿಯುಪ್ಪನ್ನೇ ಬಳಸುವುದು ಮೇಲು. ಬೆರೆಸಿದ ಮೇಲೆ ನಾಲಿಗೆಗೆ ಹಚ್ಚಿ ನೋಡಿದರೆ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಕೂಡದು. ಹೆಚ್ಚು ಉಪ್ಪು ಎಳೆಯ ಮಕ್ಕಳಿಗೆ ಅಪಾಯಕರ.

ಆದರೆ ಕಾರವಾರ ಅಂಕೋಲೆಗಳ ಆತಿಥೇಯರು ಇದಕ್ಕೂ ಮುಂಚೆ ಇಡುವುದು ಗಂಜಿಯನ್ನು. ಕೊಂಕಣಿಗರ ಮನೆಯಲ್ಲಿ ಪೇಜ, ಕನ್ನಡಿಗರ ಮನೆಯಲ್ಲಿ ಗಂಜಿ. ಕುಚ್ಚಲಕ್ಕಿಯನ್ನು ಚೆನ್ನಾಗಿ ಬೇಯಿಸಿ, ತಿಳಿಯ ಸಹಿತ ಬಟ್ಟಲಿಗೆ ಬಡಿಸಿ, ಮೇಲೆ ಉಪ್ಪನ್ನು ಉದುರಿಸಿ ಕೊಡುವ ಈ ಆಹಾರವು ಬಡತನದ ಆಹಾರವೆಂದು ತಿಳಿಯುವವರು, ಅದರ ವೈದ್ಯಕೀಯ ಮಹತ್ತ್ವವನ್ನು ಅರಿಯರು. ಅಕ್ಕಿಯ ಪಿಷ್ಟವು ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗಿ ಒಡೆಯುತ್ತದೆ. ಒಮ್ಮೆಗೇ ಸಾಂದ್ರವಾಗದೆ, ಉಪ್ಪಿನೊಡನೆ ಸೇರಿ, ಮೇಲೆ ಹೇಳಿದ ಆ ಜೋಡಿ ಮಾರ್ಗಕ್ಕೆ ಸತತವಾಗಿ ಒದಗುತ್ತದೆ. ಕಾಲರಾದ ರೋಗಿಗಳಲ್ಲಿ ಅಕ್ಕಿಯಿಂದ ಮಾಡಿದ ಲವಣದ್ರಾವಣವು ಗ್ಲೂಕೋಸಿನದಕ್ಕಿಂತ ಮಲದ ಪ್ರಮಾಣವನ್ನು ಕಡಿಮೆ ಮಾಡಿತೆಂದು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮ್ಮ ಆಯುರ್ವೇದದವರು ಮಂಡ, ಪೇಯಾ, ವಿಲೇಪಿ ಎಂದು ತೆಳುವಾದುದರಿಂದ ಗಟ್ಟಿಯಾದುದರವರೆಗೆ ಅಕ್ಕಿಯ ಪಾಕಗಳನ್ನು ಕ್ರಮಪಡಿಸಿ ಇಟ್ಟಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಅತಿಸಾರ ಪ್ರಕರಣದಲ್ಲಿ, ಆಮ, ಎಂದರೆ ಜೀರ್ಣವಾಗದ ಅಂಶ, ಇರುವ ಮೊದಲ ಹಂತದಲ್ಲಿಯೇ ಭೇದಿಯನ್ನು ಬಲಾತ್ಕಾರವಾಗಿ ಕಟ್ಟಬಾರದೆಂದು ಎಚ್ಚರಿಸಲಾಗಿದೆ. ಲೋಪೆರಮೈಡ್ ಎಂಬ ಭೇದಿ ನಿಲ್ಲಿಸುವ ಮಾತ್ರೆಯ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದೂ ಇದಕ್ಕೆ ಹತ್ತಿರವಾಗಿದೆ: ದೀರ್ಘವಾದ ಬಸ್ ಪ್ರಯಾಣವೊಂದನ್ನು ಮಾಡಲೇಬೇಕಾದ ಪ್ರೌಢನು ಮಿತವಾಗಿ ತೆಗೆದುಕೊಳ್ಳಬಹುದು; ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ, ರೋಗಿಯು ಚಿಕ್ಕ ಮಗುವಾಗಿದ್ದರೆ ಅದನ್ನು ಮುಟ್ಟಕೂಡದು.

ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು ಸೋಡಿಯಂ ಕಡಿಮೆ. ಹಾಗಾಗಿ ಅದನ್ನು ಗಂಜಿಯ ಜೊತೆಗೋ ಉಪ್ಪುಬಿಸ್ಕತ್ತಿನ ಜೊತೆಗೋ ಸೇವಿಸುವುದು ಒಳ್ಳೆಯದು. ಮುರುಗಲ ಹಣ್ಣಿನ ಪಾನಕವೂ ನೀರುಮಜ್ಜಿಗೆಯೂ, ಬಳಸಿದ ನೀರು ಶುದ್ಧವಾಗಿದ್ದರೆ, ಹಿತವಾದುವೇ. ದಾಳಿಂಬೆ ಸಿಪ್ಪೆಯ ತಂಬುಳಿ, ಕೊಡಸಿಗೆಯ ಹೂವಿನ ತಂಬುಳಿಗಳು ಉತ್ತರ ಕನ್ನಡದ ಅಜ್ಜಿಯಂದಿರ ಹಳೆಯ ಔಷಧಗಳು. ಗಂಜಿಯೊಡನೆ ಅವನ್ನು ಉಣ್ಣುವುದರಲ್ಲಿ ಬಾಧಕವಿಲ್ಲ, ಆದರೆ ಉಪ್ಪುಸಕ್ಕರೆಯ ನೀರಿಗೆ ಅವು ಬದಲಾಗಲಾರವು. ಭೇದಿಯಾದಾಗ ಉಪವಾಸ ಮಾತ್ರ ಬೇಡ. ಹಸಿವು ತೋರಿದ ಕೂಡಲೇ ಗಂಜಿ, ಇಡ್ಲಿ, ಬಾಳೆಹಣ್ಣು, ಮೊಸರನ್ನಗಳನ್ನು ಉಣ್ಣಬೇಕು; ಹಾಲೂಡುವ ತಾಯಿ ಹಾಲನ್ನು ನಿಲ್ಲಿಸತಕ್ಕದ್ದಲ್ಲ.

ಇನ್ನು ಆಂಟಿಬಯಾಟಿಕ್ಕಿನ ಮಾತು. ಅದು ಶತ್ರುವಲ್ಲ, ಅನೇಕ ಪ್ರಾಣಗಳನ್ನು ಉಳಿಸಿದ ಮಹೌಷಧ, ಅದಕ್ಕಾಗಿಯೇ ಅದನ್ನು ಮಿತವಾಗಿ ಬಳಸಿ ಕಾಪಾಡಬೇಕೆನ್ನುವುದು. ಸಾಧಾರಣ ಭೇದಿಯನ್ನು ಅದು ಒಂದು ದಿನದಷ್ಟು ಮೊದಲು ಮುಗಿಸಬಹುದು. ಆ ಒಂದು ದಿನಕ್ಕಾಗಿ ಕೊಡುವ ಬೆಲೆ ಹೆಚ್ಚು. 2017ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಸುಮಾರು 2,000 ಪ್ರವಾಸಿಗಳ ಮಲವನ್ನು ಪ್ರಯಾಣಕ್ಕೆ ಮುಂಚೆಯೂ ಅನಂತರವೂ ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಕ್ಕೆ ಬಂದುಹೋದ ಪ್ರತಿ ನಾಲ್ವರಲ್ಲಿ ಮೂವರು ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳನ್ನು ಕರುಳಿನಲ್ಲಿ ಹೊತ್ತು ಮರಳಿದ್ದುದು ಕಂಡುಬಂದಿತು. ಪ್ರವಾಸದಲ್ಲಿ ಆಂಟಿಬಯಾಟಿಕ್ ನುಂಗಿದವರಲ್ಲಿ ಆ ಸಂಭವ ಇನ್ನೂ ಹೆಚ್ಚಾಗಿತ್ತು. ಕರುಳಿನಲ್ಲಿ ನೆಲೆಸಿದ ಹಿತಕರ ಜೀವಿಗಳನ್ನು ಔಷಧವು ಅಳಿಸಿದಾಗ ತೆರವಾದ ಸ್ಥಳವನ್ನು ಈ ಮೊಂಡುಜೀವಿಗಳು ಆಕ್ರಮಿಸುತ್ತವೆ. ನಾಳೆ ಮೂತ್ರದ ಸೋಂಕೋ ರಕ್ತದ ಸೋಂಕೋ ಬಂದಾಗ ಔಷಧ ನಾಟುವುದಿಲ್ಲ. ಭೇದಿಗೆಂದು ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ವರ್ಗದ ಮಾತ್ರೆಗಳಿಗೆ ನಮ್ಮ ಭಾಗದ ಅನೇಕ ರೋಗಾಣುಗಳು ಈಗಾಗಲೇ ಬಗ್ಗದಾಗಿವೆ. ಮಾತ್ರೆಯ ಪಟ್ಟಿಯ ಮೇಲಿರುವ ಕೆಂಪು ಗೆರೆಗೆ ಅರ್ಥವುಂಟು: ವೈದ್ಯರ ಚೀಟಿಯಿಲ್ಲದೆ ಇದನ್ನು ನುಂಗಕೂಡದೆಂದು ತಿಳಿಸುವುದಕ್ಕಾಗಿ 2016ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವು ಆ ಗೆರೆಯ ಬಗ್ಗೆ ಪ್ರಚಾರವನ್ನು ಆರಂಭಿಸಿತು.

ಮನೆಯ ಉಪಚಾರವನ್ನು ಬಿಟ್ಟು ವೈದ್ಯರ ಬಳಿಗೆ ಧಾವಿಸಬೇಕಾದ ಸಂದರ್ಭಗಳೂ ಇವೆ. ಮಲದಲ್ಲಿ ರಕ್ತ, ಏರಿದ ಜ್ವರ, ಅಕ್ಕಿ ತೊಳೆದ ನೀರಿನಂತೆ ಎಡೆಬಿಡದ ಭೇದಿ, ಕುಡಿದುದೆಲ್ಲವೂ ವಾಂತಿಯಾಗುವುದು, ಆರೆಂಟು ಗಂಟೆ ಮೂತ್ರವಾಗದಿರುವುದು, ಎದ್ದುನಿಂತರೆ ಕಣ್ಣು ಕತ್ತಲಿಡುವುದು, ಮಗುವಿನ ಕಣ್ಣು ಗುಳಿಬೀಳುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ತಡವಾಗಿ ಮಟ್ಟವಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಅಂಕೋಲೆಯ ತಾಲೂಕು ಆಸ್ಪತ್ರೆಗೋ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೋ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಗರ್ಭಿಣಿಯರು, ವೃದ್ಧರು, ಸಕ್ಕರೆಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುವವರು ಮೊದಲ ದಿನವೇ ವೈದ್ಯರನ್ನು ಕೇಳುವುದು ಕ್ಷೇಮ. ಆ ಮಾತ್ರೆಗಳಲ್ಲಿ ಕೆಲವನ್ನು ನಿರ್ಜಲತೆಯ ಕಾಲದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಅಲ್ಲಿ ಪರೀಕ್ಷೆ ಮಾಡಿದ ವೈದ್ಯರೇ ಆಂಟಿಬಯಾಟಿಕ್ ಬೇಕೆಂದರೆ, ಹೇಳಿದಷ್ಟು ದಿನವೂ ತಪ್ಪದೆ ತೆಗೆದುಕೊಳ್ಳಬೇಕು.

ಬಾರದಂತೆ ತಡೆಯುವುದಕ್ಕೆ ನೀರೇ ಮೊದಲು. ಕರಾವಳಿಯ ಜಂಬಿಟ್ಟಿಗೆ ಕಲ್ಲಿನ ನೆಲವು ರಂಧ್ರಮಯವಾದುದು. ಶೌಚದ ಗುಂಡಿಯ ಸಮೀಪದಲ್ಲಿರುವ ತೆರೆದ ಬಾವಿಗೆ ಮಳೆಗಾಲದಲ್ಲಿ ಕೊಳೆ ಸೇರುವುದು ಕಷ್ಟವಲ್ಲ. ನೀರು ಕೊತಕೊತನೆ ಒಂದು ನಿಮಿಷ ಕುದಿದರೆ ಸಾಕು. ಆದರೆ ಊಟದ ಮನೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಗಿರಾಕಿಯು ಬಿಸಿನೀರನ್ನು ಕೇಳಿದಾಗ, ಬಾಯಿ ಸುಡದಿರಲೆಂಬ ಸದುದ್ದೇಶದಿಂದ, ಕುದಿದ ನೀರಿಗೆ ನಲ್ಲಿಯ ತಣ್ಣೀರನ್ನು ಅರ್ಧದಷ್ಟು ಬೆರೆಸಿ ತಂದಿಡುವವರುಂಟು, ಕುದಿಸಿದ ಫಲವೆಲ್ಲ ಅಲ್ಲಿಗೇ ವ್ಯರ್ಥ. ಕಬ್ಬಿನ ಹಾಲಿನಲ್ಲಿ ಕೆಡುಕನ್ನುಂಟುಮಾಡುವುದು ಕಬ್ಬಲ್ಲ, ಮಂಜುಗಡ್ಡೆ. ಹಸಿ ತೆಂಗಿನಕಾಯಿಯನ್ನು ಕುದಿಸದ ನೀರಿನಲ್ಲಿ ರುಬ್ಬಿ ಬೆಳಗಿನಿಂದ ಮಧ್ಯಾಹ್ನದವರೆಗೆ ಇಟ್ಟ ಚಟ್ನಿ ಶಂಕಾಸ್ಪದ. ಹಬೆಯಾಡುವ ಇಡ್ಲಿ ನಿರಪಾಯ. ಕಾಳಿಯ ಅಳಿವೆಯಲ್ಲಿ ಆಯ್ದು ತರುವ ತಿಸರೆಯು ಇಲ್ಲಿಯ ಊಟದ ಹೆಮ್ಮೆ. ಆದರೆ ಆ ಚಿಪ್ಪುಜೀವಿಯು ನೀರನ್ನು ಸೋಸಿಯೇ ಬದುಕತಕ್ಕದ್ದಾದುದರಿಂದ, ನೀರಿನಲ್ಲಿರುವ ವೈರಸ್ಸುಗಳನ್ನೂ ವಿಬ್ರಿಯೊ ಜಾತಿಯ ರೋಗಾಣುಗಳನ್ನೂ ತನ್ನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದನ್ನು ಚಿಪ್ಪು ತೆರೆದ ಮೇಲೆಯೂ ಚೆನ್ನಾಗಿ ಬೇಯಿಸಬೇಕು. ಬಿಸಿಲಿನಲ್ಲಿ ಬಿದ್ದಿದ್ದ ಬಂಗಡೆಯ ಕಥೆ ಬೇರೆ: ಅದರ ಮಾಂಸದಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಸ್ತುವು ಎಷ್ಟು ಬೇಯಿಸಿದರೂ ನಾಶವಾಗದೆ, ತಿಂದವರ ಮುಖವನ್ನು ಕೆಂಪೇರಿಸಿ, ತಲೆನೋವನ್ನೂ ಭೇದಿಯನ್ನೂ ತರುತ್ತದೆ. ಮೀನು ತಾಜಾ ಆಗಿರುವುದೇ ಅದಕ್ಕೆ ಪರಿಹಾರ.

ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕೈಗೆ ಹಚ್ಚುವ ಆಲ್ಕೋಹಾಲಿನ ದ್ರವಕ್ಕೆ ನೋರೋವೈರಸ್ಸು ಅಷ್ಟಾಗಿ ಅಂಜದು. ಆದರೂ, ಎಷ್ಟೇ ಎಚ್ಚರದಿಂದ ಆರಿಸಿ ಉಂಡ ಪ್ರವಾಸಿಗಳಿಗೂ ಭೇದಿ ತಪ್ಪಲಿಲ್ಲವೆಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಏಕೆಂದರೆ ಹೊಣೆಯ ದೊಡ್ಡ ಭಾಗ ಉಣ್ಣುವವನದಲ್ಲ, ಅಡಿಗೆಮನೆಯದು. ಆದುದರಿಂದ ಕಾರವಾರ ಅಂಕೋಲೆಗಳಲ್ಲಿ ಹೋಟೆಲು, ಖಾನಾವಳಿ, ಹೋಂಸ್ಟೇಗಳನ್ನು ನಡೆಸುವ ಬಂಧುಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಅಡಿಗೆಯವರೂ ಬಡಿಸುವವರೂ ಕೈ ತೊಳೆಯುವ ನಲ್ಲಿಯ ಬಳಿ ಸಾಬೂನು ಸದಾ ಇರಲಿ, ಭೇದಿಯಾದ ಕೆಲಸಗಾರನಿಗೆ ವಾಸಿಯಾದ ಮೇಲೂ ಎರಡು ದಿನ, ಸಂಬಳ ಕಡಿಯದೆ, ರಜೆ ಕೊಡಿ, ಕುದಿಸಿದ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ತಾನಾಗಿಯೇ ಆರಲು ಬಿಡಿ. ಘಟ್ಟವನ್ನಿಳಿದು ಬರುವ ಓದುಗರು, ಹೊರಡುವ ಮುನ್ನ, ಮನೆಮಂದಿಯಲ್ಲಿ ತಲೆಗೆ ಎರಡರಂತೆ ಓಆರ್‌ಎಸ್ ಪೊಟ್ಟಣಗಳನ್ನು ಚೀಲದಲ್ಲಿ ಇಟ್ಟುಕೊಳ್ಳಿ.